ಗುಂಡಿ ಒತ್ತಿದ ಕ್ಷಣದ ವೋಲ್ಟೇಜ್: ಸಣ್ಣ ದೋಣಿಯ ವಿಎಚ್‌ಎಫ್ ರೇಡಿಯೋ ರಿಪೇರಿ

ದೋಣಿಯಿಂದ ದಡಕ್ಕೂ ಬೇರೆ ದೋಣಿಗಳಿಗೂ ಮಾತಾಡುವ ನಮ್ಮ ವಿಎಚ್‌ಎಫ್ ರೇಡಿಯೋ ದಡದಲ್ಲಿ ಚೆನ್ನಾಗಿತ್ತು, ನೀರಿನ ಮೇಲೆ ಕೈ ಕೊಟ್ಟಿತು. ಎಂಜಿನ್ ನಿಲ್ಲಿಸಿ, ಲಂಗರು ಹಾಕಿ ಅರ್ಧ ದಿನ ಕೂತಿದ್ದೆವು. ವಾಪಸು ಹೊರಡುವ ಮುಂಚೆ ದಡಕ್ಕೆ ತಿಳಿಸೋಣವೆಂದು ತಮ್ಮ ಮೈಕ್ ಎತ್ತಿ ಗುಂಡಿ ಒತ್ತಿದ. ಪರದೆ ಒಮ್ಮೆ ಮಂಕಾಯಿತು, ಆಮೇಲೆ ಪೂರ್ತಿ ಆರಿತು. ಗುಂಡಿ ಬಿಟ್ಟ ಕೂಡಲೇ ಹೊಸದಾಗಿ ಆನ್ ಮಾಡಿದಂತೆ ಹೊತ್ತಿಕೊಂಡಿತು. ಮತ್ತೆ ಒತ್ತಿದ, ಮತ್ತೆ ಆರಿತು.

"ಅಣ್ಣಾ, ಕೇಳಿಸ್ತಾ ಇದೆ, ಆದ್ರೆ ಮಾತಾಡೋಕೆ ಬಿಡ್ತಿಲ್ಲ" ಅಂದ.

ಅವತ್ತು ಗಾಳಿಯಿರಲಿಲ್ಲ, ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು, ಏನೂ ಆಗಲಿಲ್ಲ. ಆದರೆ ಆ ಗುಂಡಿ ಇರುವುದೇ ಎಂಜಿನ್ ಹತ್ತದ ದಿನಕ್ಕಾಗಿ. ಹಾಗಾಗಿ ಇದನ್ನು ಬುಡಮಟ್ಟ ನೋಡಿಯೇ ತೀರಬೇಕು ಅಂದುಕೊಂಡೆ. ಮಾಡಿದ ಕೆಲಸವನ್ನೆಲ್ಲ ಅಳತೆಗಳ ಸಮೇತ ಇಲ್ಲಿ ಬರೆದಿದ್ದೇನೆ. ದೋಣಿ ಆರು ಮೀಟರಿನದು, ಫೈಬರ್ ಮೈ, ಹಿಂದೆ ಔಟ್‌ಬೋರ್ಡ್ ಎಂಜಿನ್. ಬ್ಯಾಟರಿ ಹಿಂಬದಿಯಲ್ಲಿ, ರೇಡಿಯೋ ಮುಂದೆ ಸ್ಟೀರಿಂಗ್ ಕನ್ಸೋಲಿನಲ್ಲಿ. ಒಂದೇ 12 ವೋಲ್ಟ್ 70 ಆಂಪಿಯರ್-ಅವರ್ ಲೆಡ್-ಆಸಿಡ್ ಬ್ಯಾಟರಿ. ಎಂಜಿನ್ ಸ್ಟಾರ್ಟ್ ಮಾಡುವುದೂ ಅದೇ, ರೇಡಿಯೋ, ಜಿಪಿಎಸ್, ಪಂಪು ಎಲ್ಲವನ್ನೂ ನಡೆಸುವುದೂ ಅದೇ. ಸಣ್ಣ ದೋಣಿಗಳಲ್ಲಿ ಬಹಳ ಕಡೆ ಕಾಣುವ ಏರ್ಪಾಡು ಇದು.

ದಾರಿ ತಪ್ಪಿಸಿದ ಅಂಕಿ

ದಡಕ್ಕೆ ಬಂದ ಮರುದಿನ ಮಲ್ಟಿಮೀಟರ್ ಹಿಡಿದೆ. ಬ್ಯಾಟರಿಯ ಮೇಲೆ 12.62 ವೋಲ್ಟ್. ಚಾರ್ಜ್ ಮಾಡಿ ಏಳೆಂಟು ಗಂಟೆ ಬಿಟ್ಟು ನೋಡಿದ ಅಳತೆ ಅದು. ಚಾರ್ಜರ್ ತೆಗೆದ ಕೂಡಲೇ ನೋಡಿದರೆ ಲೆಡ್-ಆಸಿಡ್ ಬ್ಯಾಟರಿ ಇಲ್ಲದ ಶಕ್ತಿಯನ್ನು ತೋರಿಸುತ್ತದೆ, ಅದಕ್ಕೇ ಕಾದದ್ದು. ತುಂಬಿದ ಬ್ಯಾಟರಿ 12.6ರಿಂದ 12.7, ಅರ್ಧ ಖಾಲಿಯಾದದ್ದು ಸುಮಾರು 12.2 ತೋರಿಸಬೇಕು. ಆ ಲೆಕ್ಕದಲ್ಲಿ ಬ್ಯಾಟರಿಗೆ ಏನೂ ಆಗಿರಲಿಲ್ಲ. ರೇಡಿಯೋ ಆನ್ ಮಾಡಿ ಅದರ ಹಿಂದಿನ ಪ್ಲಗ್‌ನಲ್ಲಿ ನೋಡಿದೆ: 12.46. ಅದೂ ಸರಿ. 1 ವ್ಯಾಟ್‌ನಲ್ಲಿ ಇಟ್ಟು ಮಾತಾಡಿ ನೋಡಿದೆವು, ಸ್ಪಷ್ಟವಾಗಿ ಹೋಯಿತು.

ಆ ಮೂರು ಅಳತೆ ನಂಬಿ ಎರಡು ವಾರ ಕಳೆದೆ. ರೇಡಿಯೋದ ಒಳಗೇ ಏನೋ ಕೆಟ್ಟಿದೆ, ಹೊಸದು ತರುವುದೇ ಸರಿ ಎನ್ನುವ ತೀರ್ಮಾನಕ್ಕೂ ಬಂದಿದ್ದೆವು. ತಂದಿದ್ದರೆ ಹೊಸ ರೇಡಿಯೋವೂ ಅದೇ ಜಾಗದಲ್ಲಿ ಅದೇ ರೀತಿ ಆರುತ್ತಿತ್ತು.

ಎಡವಿದ್ದು ಎಲ್ಲಿ ಅಂದರೆ, ಈ ಮೂರೂ ಅಳತೆಗಳಲ್ಲಿ ವೈರಿನಲ್ಲಿ ಹರಿಯುತ್ತಿದ್ದ ಕರೆಂಟು ತೀರಾ ಕಡಿಮೆ. ಈ ರೇಡಿಯೋ ಸುಮ್ಮನೆ ಕೇಳಿಸಿಕೊಳ್ಳುವಾಗ ಎಳೆಯುವುದು 0.35 ಆಂಪಿಯರ್. 1 ವ್ಯಾಟ್‌ನಲ್ಲಿ ಮಾತಾಡುವಾಗ 1.2 ಆಂಪಿಯರ್. 25 ವ್ಯಾಟ್‌ಗೆ ಹಾಕಿ ಗುಂಡಿ ಒತ್ತಿದರೆ 5 ಆಂಪಿಯರ್ ಮೀರುತ್ತದೆ. ಅಂದರೆ ಕೇಳುವುದಕ್ಕೂ ಕೂಗುವುದಕ್ಕೂ ಹದಿನಾಲ್ಕು ಪಟ್ಟು ವ್ಯತ್ಯಾಸ. ದಾರಿಯಲ್ಲಿ ಎಲ್ಲೋ ತಡೆ ಇದ್ದರೆ, ಕೇಳುವಾಗ ಅದು ಕಾಣುವುದೇ ಇಲ್ಲ. ಕರೆಂಟು ಹದಿನಾಲ್ಕು ಪಟ್ಟಾದಾಗ ವೋಲ್ಟೇಜ್ ಕುಸಿತವೂ ಹದಿನಾಲ್ಕು ಪಟ್ಟಾಗುತ್ತದೆ. ಹಾಗಾಗಿ ದೋಣಿಯ ರೇಡಿಯೋಗೆ ಅರ್ಥವಿರುವ ವೋಲ್ಟೇಜ್ ಒಂದೇ: ಪೂರ್ತಿ ಶಕ್ತಿಯಲ್ಲಿ ಗುಂಡಿ ಒತ್ತಿ ಹಿಡಿದಾಗ, ರೇಡಿಯೋದ ಪ್ಲಗ್‌ನಲ್ಲೇ ಮೀಟರ್ ತೋರಿಸುವ ವೋಲ್ಟೇಜ್.

13.8 ಅಂದರೆ ಏನು

ರೇಡಿಯೋದ ಕೈಪಿಡಿಯಲ್ಲಿ "13.8 ವೋಲ್ಟ್ ಡಿಸಿ, ಶೇ. 15 ಹೆಚ್ಚು-ಕಡಿಮೆ" ಎಂದಿದೆ. ಸಣ್ಣ ದೋಣಿಗೆ ಕೂರಿಸುವ ವಿಎಚ್‌ಎಫ್ ಸೆಟ್‌ಗಳಲ್ಲಿ ಹೆಚ್ಚಿನವಕ್ಕೆ ಇದೇ ಲೆಕ್ಕ. ಬಿಡಿಸಿದರೆ ಕೆಳಗಿನ ಮಿತಿ 11.7, ಮೇಲಿನ ಮಿತಿ 15.9 ವೋಲ್ಟ್.

ಈ 13.8 ಎಲ್ಲಿಂದ ಬಂತು ಎಂಬುದನ್ನು ಅರ್ಥ ಮಾಡಿಕೊಂಡರೆ ಅರ್ಧ ಸಮಸ್ಯೆ ತಿಳಿದಂತೆ. ಅದು ಬ್ಯಾಟರಿಯ ವೋಲ್ಟೇಜ್ ಅಲ್ಲ. ಎಂಜಿನ್ ಓಡುತ್ತ ಬ್ಯಾಟರಿ ಚಾರ್ಜ್ ಆಗುತ್ತಿರುವಾಗ ಲೈನಿನಲ್ಲಿ ಸಿಗುವ ವೋಲ್ಟೇಜ್. ಕೈಪಿಡಿಯಲ್ಲಿ ಬರೆದ 25 ವ್ಯಾಟ್ ಸಿಗುವುದೂ ಅಲ್ಲೇ. ಎಂಜಿನ್ ನಿಂತ ಮೇಲೆ ತುಂಬಿದ ಬ್ಯಾಟರಿಯಲ್ಲೂ ಇರುವುದು 12.6. ಅಲ್ಲಿಂದ ಕೆಳಮಿತಿ 11.7ಕ್ಕೆ ಉಳಿದದ್ದು ಬರೀ 0.9 ವೋಲ್ಟ್. ಬ್ಯಾಟರಿ ಅರ್ಧ ಖಾಲಿಯಾಗಿದ್ದರೆ ಅರ್ಧ ವೋಲ್ಟ್. ವೈರು, ಫ್ಯೂಸು, ಸ್ವಿಚ್ಚು, ಜಾಯಿಂಟುಗಳೆಲ್ಲ ತಮ್ಮ ಪಾಲು ತೆಗೆದುಕೊಳ್ಳಬೇಕಾದದ್ದು ಇಷ್ಟರೊಳಗೇ.

11.7ಕ್ಕಿಂತ ಇಳಿದ ಕೂಡಲೇ ಸೆಟ್ ನಿಂತುಬಿಡುವುದಿಲ್ಲ. ಮೊದಲು ಹೊರಬೀಳುವ ಶಕ್ತಿ ಇಳಿಯುತ್ತದೆ, ಆಮೇಲೆ ಕೆಲವು ಸೆಟ್‌ಗಳಲ್ಲಿ ದನಿ ಒರಟಾಗುತ್ತದೆ, ಪರದೆಯಲ್ಲಿ ಬ್ಯಾಟರಿಯ ಗುರುತು ಮಿನುಗುತ್ತದೆ. ಇನ್ನೂ ಇಳಿದರೆ ಒಳಗಿನ ಪ್ರೊಸೆಸರ್ ತನ್ನನ್ನು ತಾನೇ ಆಫ್ ಮಾಡಿಕೊಂಡು ಮತ್ತೆ ಆರಂಭವಾಗುತ್ತದೆ. ನಮ್ಮದು ಕೊನೆಯ ಹಂತ ಮುಟ್ಟಿತ್ತು.

ಅಳೆಯುವ ರೀತಿ

ಬೇಕಾದದ್ದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಕನಿಷ್ಠ-ಗರಿಷ್ಠ ಹಿಡಿದಿಟ್ಟುಕೊಳ್ಳುವ ಗುಂಡಿ ಅದರಲ್ಲಿದ್ದರೆ ಒಳ್ಳೆಯದು. ವೈರಿನ ಸುತ್ತ ಹಿಡಿದು ಡಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ನನ್ನ ಹತ್ತಿರ ಇತ್ತು, ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಆಂಟೆನಾ ಬಿಚ್ಚಿ ಆ ಜಾಗಕ್ಕೆ 50 ಓಮ್‌ನ ಡಮ್ಮಿ ಲೋಡ್ ಹಾಕಿದೆ, ಅಂದರೆ ಸೆಟ್ಟಿನ ಶಕ್ತಿಯನ್ನು ಗಾಳಿಗೆ ಬಿಡದೆ ಶಾಖವಾಗಿ ನುಂಗುವ ಸಾಧನ. ಪದೇ ಪದೇ ಗುಂಡಿ ಒತ್ತುವ ಈ ಕೆಲಸವನ್ನು ಆಂಟೆನಾ ಇಟ್ಟುಕೊಂಡು ಮಾಡಬಾರದು. ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್, ಆಪತ್ತಿನಲ್ಲಿರುವವರು ಕೂಗುವ ಜಾಗ. ಅಲ್ಲಿ ಸುಮ್ಮನೆ ಗುಂಡಿ ಒತ್ತುತ್ತಾ ಕೂತರೆ ಇನ್ಯಾರದೋ ಕೂಗು ಮುಚ್ಚಿಹೋಗಬಹುದು. ಏನೂ ಕನೆಕ್ಟ್ ಮಾಡದೆ ಒತ್ತುವುದೂ ತಪ್ಪು, ಹೊರಡಬೇಕಾದ ಶಕ್ತಿ ಹಿಂದಕ್ಕೆ ಬಂದು ಸೆಟ್ಟಿಗೇ ಪೆಟ್ಟಾಗುತ್ತದೆ. ಡಮ್ಮಿ ಲೋಡ್ 25 ವ್ಯಾಟ್ ತಾಳುವಂಥದ್ದಾಗಿರಲಿ. ಹಾಗಿದ್ದೂ ಐದಾರು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ಅದು ಬಿಸಿಯಾಗುತ್ತದೆ.

ತಮ್ಮ ಮೈಕ್ ಹಿಡಿದ. ನಾನು ಕನ್ಸೋಲಿನ ಕೆಳಗೆ ಮಲಗಿ ಪ್ಲಗ್‌ನ ಹಿಂಬದಿಯಿಂದ ಮೀಟರಿನ ಎರಡು ಮೊನೆ ತೂರಿಸಿದೆ.

"ಒತ್ತು."

12.46 ಇದ್ದದ್ದು ದಡಕ್ಕನೆ 10.38ಕ್ಕೆ ಬಿತ್ತು.

"ಬಿಡು." ಮತ್ತೆ 12.46.

ಸೆಟ್ ಆರಲಿಲ್ಲ. ಪರದೆಯ ಮೂಲೆಯಲ್ಲಿ ಬ್ಯಾಟರಿಯ ಗುರುತು ಮಾತ್ರ ಮಿನುಗಿತು. ಅದೇ ಹೊತ್ತಿಗೆ ಬ್ಯಾಟರಿಯ ಕಂಬಗಳ (ಟರ್ಮಿನಲ್) ಮೇಲೆ ಇದ್ದದ್ದು 12.41. ಅಂದರೆ ಬ್ಯಾಟರಿ ಕೊಟ್ಟದ್ದರಲ್ಲಿ 2.03 ವೋಲ್ಟ್ ದಾರಿಯಲ್ಲೇ ಮಾಯ. ಕ್ಲ್ಯಾಂಪ್ ಮೀಟರ್ ತೋರಿಸಿದ್ದು 5.0 ಆಂಪಿಯರ್. ಗುಣಿಸಿ ನೋಡಿ, 10 ವ್ಯಾಟ್ ಶಾಖವಾಗಿ ಹೋಗುತ್ತಿತ್ತು. ವ್ಯಾಟ್ ಮೀಟರ್ ಇಟ್ಟು ನೋಡಿದರೆ ಸೆಟ್‌ನಿಂದ ಹೊರಬರುತ್ತಿದ್ದದ್ದು 14 ವ್ಯಾಟ್.

ಆದರೆ ನೀರಿನ ಮೇಲೆ ಆರಿದ್ದು ಇಲ್ಲಿ ಯಾಕೆ ಆರುತ್ತಿಲ್ಲ? ತಮ್ಮ ಕೇಳಿದ, "ಆವತ್ತು ಪಂಪು ಓಡ್ತಾ ಇತ್ತಲ್ವಾ?" ಹೌದು, ತಳದ ನೀರೆತ್ತುವ ಬಿಲ್ಜ್ ಪಂಪು ಆಗಾಗ ತಾನೇ ಓಡುತ್ತಿತ್ತು. ಫ್ಲೋಟ್ ಸ್ವಿಚ್ ಎತ್ತಿ ಹಿಡಿದು ಪಂಪು ಓಡಿಸಿ ಮತ್ತೆ ಒತ್ತಿಸಿದೆ. 9.5 ಕಂಡಿತು, ಅಷ್ಟರಲ್ಲಿ ಪರದೆ ಆರಿತು.

ಪಂಪು ಎಳೆಯುವುದು ಮೂರೂವರೆ ಆಂಪಿಯರ್. ಬ್ಯಾಟರಿಯ ಹತ್ತಿರದ ಫ್ಯೂಸ್ ಮತ್ತು ನೆಗೆಟಿವ್ ಬಸ್‌ಬಾರ್ (ನೆಗೆಟಿವ್ ವೈರುಗಳೆಲ್ಲ ಬಂದು ಸೇರುವ ಲೋಹದ ಪಟ್ಟಿ) ಎರಡನ್ನೂ ಅದು ರೇಡಿಯೋ ಜತೆ ಹಂಚಿಕೊಂಡಿತ್ತು. ಅದರ ಕರೆಂಟೂ ಅದೇ ಕೆಟ್ಟ ಜಾಯಿಂಟುಗಳ ಮೂಲಕ ಹರಿದು, ಇನ್ನೂ ಮುಕ್ಕಾಲು ವೋಲ್ಟ್ ಮೀರಿ ಕೆಳಗೆ ಎಳೆಯಿತು. ಇದು ನನ್ನನ್ನು ನಿಜಕ್ಕೂ ಕಾಡಿತು. ದೋಣಿಗೆ ನೀರು ನುಗ್ಗಿದಾಗಲೇ ಪಂಪು ಬಿಡದೆ ಓಡುವುದು, ಎಂಜಿನ್ ನಿಲ್ಲುವುದು, ಬ್ಯಾಟರಿ ಇಳಿಯುವುದು. ಸಹಾಯಕ್ಕೆ ಕೂಗುವುದೂ ಆಗಲೇ. ಎಲ್ಲ ಭಾರವೂ ಒಟ್ಟಿಗೆ ಬೀಳುವ ಕ್ಷಣ ಅದು. ಆದ್ದರಿಂದ ಪರೀಕ್ಷೆ ಮಾಡುವುದಾದರೆ ಎಂಜಿನ್ ಆಫ್, ಪಂಪು ಆನ್, ದೀಪಗಳು ಆನ್, ಬ್ಯಾಟರಿ ಒಂದಿಷ್ಟು ಬಳಸಿದ್ದು ಇರುವಾಗಲೇ ಮಾಡಬೇಕು.

2.03 ವೋಲ್ಟ್ ಎಲ್ಲಿ ಹೋಯಿತು

ಓಮ್ ಅಳೆದು ಇದನ್ನು ಹಿಡಿಯಲು ಆಗುವುದಿಲ್ಲ. ಇಲ್ಲಿ ಹುಡುಕುತ್ತಿರುವುದು ಓಮ್‌ನ ಹತ್ತನೇ, ನೂರನೇ ಭಾಗ. ಸಾಧಾರಣ ಮೀಟರಿನ ವೈರಿನ ತಡೆಯೇ ಅದಕ್ಕಿಂತ ಹೆಚ್ಚಿರುತ್ತದೆ. ಕರೆಂಟು ಹರಿಯುತ್ತಿರುವಾಗ ಪ್ರತಿ ತುಂಡಿನ ಎರಡು ತುದಿಗೆ ಮೀಟರ್ ಇಟ್ಟು, ಆ ತುಂಡು ಎಷ್ಟು ವೋಲ್ಟ್ ನುಂಗುತ್ತಿದೆ ಎಂದು ನೋಡುವುದೇ ದಾರಿ. ಚೆನ್ನಾಗಿರುವ ಜಾಯಿಂಟ್ 5 ಆಂಪಿಯರ್‌ನಲ್ಲಿ 0.01, 0.02 ತೋರಿಸುತ್ತದೆ. ಅದಕ್ಕಿಂತ ಹೆಚ್ಚಾದರೆ ಅಲ್ಲಿ ಏನೋ ಇದೆ.

ಪಂಪು ಆಫ್ ಮಾಡಿ, ಪ್ರತಿ ಸಲ ತಮ್ಮನಿಂದ ಗುಂಡಿ ಒತ್ತಿಸಿ, ಒಂದೊಂದೇ ಬರೆದುಕೊಂಡೆ. ಪಾಸಿಟಿವ್ ಬದಿಯಲ್ಲಿ ಬ್ಯಾಟರಿ ಕಂಬ ಮತ್ತು ಕ್ಲ್ಯಾಂಪ್ ನಡುವೆ 0.12. ಫ್ಯೂಸ್ ಹೋಲ್ಡರ್‌ನಲ್ಲಿ 0.46. ಪ್ಯಾನೆಲ್ ಸ್ವಿಚ್ಚಿನಲ್ಲಿ 0.21. ಆರು ಮೀಟರ್ ವೈರಿನಲ್ಲಿ 0.35. ನೆಗೆಟಿವ್ ಬದಿಯಲ್ಲಿ ವೈರು ಮತ್ತೆ 0.35, ಬಸ್‌ಬಾರ್ 0.54. ಕೂಡಿದರೆ ಸರಿಯಾಗಿ 2.03.

ನಾನು ನಂಬಿಕೊಂಡಿದ್ದು ವೈರು ತೆಳ್ಳಗಿದೆ, ಅದೇ ಕಳ್ಳ ಎಂದು. ಎರಡೂ ಬದಿಯ ವೈರು ಸೇರಿ ನುಂಗಿದ್ದು 0.70 ಮಾತ್ರ. ಉಳಿದ 1.33 ಹೋದದ್ದು ನಾಲ್ಕು ಜಾಯಿಂಟುಗಳಲ್ಲಿ. ಬರೀ ವೈರು ಬದಲಿಸಿ ಕೈ ತೊಳೆದುಕೊಂಡಿದ್ದರೆ ಪಂಪು ಓಡುವ ದಿನ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿದ್ದೆವು. ಎಲ್ಲಕ್ಕಿಂತ ದೊಡ್ಡ ಕುಸಿತ ನೆಗೆಟಿವ್ ಬದಿಯಲ್ಲಿತ್ತು ಎಂಬುದನ್ನೂ ಗಮನಿಸಿ. ಫ್ಯೂಸು, ಸ್ವಿಚ್ಚು ಎಲ್ಲ ಪಾಸಿಟಿವ್‌ನಲ್ಲಿ ಇರುವುದರಿಂದ ಕಣ್ಣು ಅತ್ತಲೇ ಹೋಗುತ್ತದೆ, ನೆಗೆಟಿವ್ ವೈರನ್ನು ಯಾರೂ ಮುಟ್ಟುವುದಿಲ್ಲ. ನೆಗೆಟಿವ್ ಕೆಟ್ಟರೆ ಇನ್ನೊಂದು ಅಪಾಯವೂ ಇದೆ. ರೇಡಿಯೋದ ಲೋಹದ ಮೈ, ಆಂಟೆನಾ ಕೇಬಲಿನ ಹೊರ ಜಾಲರಿ, ಜಿಪಿಎಸ್ ಜತೆ ಮಾತಾಡುವ ಡೇಟಾ ವೈರಿನ ಗ್ರೌಂಡ್, ಇವೆಲ್ಲ ನೆಗೆಟಿವ್‌ಗೇ ಸೇರಿರುವುದು ಸಾಮಾನ್ಯ. ಸರಿಯಾದ ದಾರಿ ಮುಚ್ಚಿದರೆ 5 ಆಂಪಿಯರ್ ಆ ಕೂದಲೆಳೆಯಂಥ ಡೇಟಾ ವೈರಿನ ಮೂಲಕ ವಾಪಸು ಹೋಗಲು ನೋಡುತ್ತದೆ.

ಬಿಚ್ಚಿದಾಗ ಕಂಡದ್ದು

ಫ್ಯೂಸ್ ಹೋಲ್ಡರ್ ಹಳೆಯ ಗಾಜಿನ ಫ್ಯೂಸಿನದು. ಗುಂಡಿ ಒತ್ತಿಸಿ ಬೆರಳಿಟ್ಟರೆ ಬೆಚ್ಚಗಾಗುವುದು ತಿಳಿಯುತ್ತಿತ್ತು. 0.46 ವೋಲ್ಟ್, 5 ಆಂಪಿಯರ್, ಎರಡು ವ್ಯಾಟ್ ಮೀರಿದ ಶಾಖ ಆ ಪುಟ್ಟ ಡಬ್ಬಿಯೊಳಗೆ. ತಿರುಗಿಸಿ ತೆಗೆದಾಗ ಫ್ಯೂಸಿನ ಟೊಪ್ಪಿಯ ಮೇಲೆ ಬೂದು ಬಣ್ಣದ ಪುಡಿ. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಒತ್ತಡ ಕಳೆದುಕೊಂಡಿತ್ತು. ಫ್ಯೂಸ್ ಮಾತ್ರ ಹಾಳಾಗಿರಲಿಲ್ಲ, ಗಾಜಿನೊಳಗೆ ತಂತಿ ನೆಟ್ಟಗಿತ್ತು. ಕಣ್ಣಿನಿಂದ ಮಾತ್ರ ನೋಡಿದ್ದರೆ ಸರಿಯಿದೆ ಎಂದು ಮುಂದೆ ಹೋಗುತ್ತಿದ್ದೆ.

ನೆಗೆಟಿವ್ ಬಸ್‌ಬಾರ್ ಇದ್ದದ್ದು ಹಿಂಬದಿಯ ಹಲಗೆಯ ಕೆಳಗೆ, ನೀರು ನಿಲ್ಲುವ ಜಾಗಕ್ಕೆ ಒಂದು ಗೇಣು ಮೇಲೆ. ಒಂದೇ ಸ್ಕ್ರೂಗೆ ನಾಲ್ಕು ಲಗ್ಗುಗಳು (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಬಳೆಗಳು) ಒಂದರ ಮೇಲೊಂದು. ಎಲ್ಲಕ್ಕಿಂತ ಕೆಳಗಿನದು ರೇಡಿಯೋದ್ದು. ಬಿಚ್ಚಿ ತೆಗೆದರೆ ಲಗ್ಗಿನ ತಳದಲ್ಲಿ ಹಸಿರು ಕಿಲುಬು, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುವಷ್ಟು. ಲಗ್ಗಿನಿಂದ ಹೊರಟ ವೈರಿನ ಹೊದಿಕೆ ಸೀಳಿ ನೋಡಿದೆ. ತಾಮ್ರದ ಎಳೆಗಳು ಹೊಳೆಯುವ ಬದಲು ಕಾಡಿಗೆಯಂತೆ ಕಪ್ಪಾಗಿದ್ದವು. ಇನ್ನಷ್ಟು ಸೀಳಿದೆ, ಕಪ್ಪು. ಸುಮಾರು 20 ಸೆಂಟಿಮೀಟರ್ ಒಳಗೆ ಹೋದ ಮೇಲೆ ತಾಮ್ರದ ಬಣ್ಣ ಕಂಡಿತು. ಉಪ್ಪು ನೀರು ಎಳೆಗಳ ಸಂದಿಯಲ್ಲಿ ಬತ್ತಿಗೆ ಎಣ್ಣೆ ಏರಿದ ಹಾಗೆ ಏರುತ್ತದೆ. ಇದು ವಾಹನಗಳಿಗೆ ಬಳಸುವ ಬರಿ ತಾಮ್ರದ ವೈರು, 1.5 ಚದರ ಮಿಲಿಮೀಟರ್. ಇಂಥದ್ದಕ್ಕೆ ತುದಿ ಕತ್ತರಿಸಿ ಹೊಸ ಲಗ್ ಹಾಕಿದರೆ ಕಪ್ಪಾದ ಎಳೆಯ ಮೇಲೇ ಹಾಕಿದಂತಾಗುತ್ತದೆ. ಪೂರ್ತಿ ತೆಗೆದು ಹಾಕಿದೆ.

ಹೊಸ ವೈರಿನ ಲೆಕ್ಕ

ತಾಮ್ರದ ವೈರಿನ ತಡೆ ಲೆಕ್ಕ ಹಾಕುವುದು ಸುಲಭ: 0.0172ನ್ನು ವೈರಿನ ಚದರ ಮಿಲಿಮೀಟರಿನಿಂದ ಭಾಗಿಸಿದರೆ ಒಂದು ಮೀಟರಿನ ಓಮ್ ಸಿಗುತ್ತದೆ. ಉದ್ದ ಹಿಡಿಯುವಾಗ ಹೋಗಿ ಬರುವ ದೂರ ಎರಡನ್ನೂ ಹಿಡಿಯಬೇಕು. ನಮ್ಮದು ಆರು ಮೀಟರ್ ಹೋಗಿ ಆರು ಮೀಟರ್ ಬರುವುದು, ಹನ್ನೆರಡು. ಹೆಚ್ಚೆಂದರೆ 5.5 ಆಂಪಿಯರ್ ಎಂದು ಇಟ್ಟುಕೊಂಡರೆ 1.5 ಚದರ ಮಿಲಿಮೀಟರ್ ವೈರು ನುಂಗುವುದು 0.76 ವೋಲ್ಟ್. 2.5ರದು 0.45. 4ರದು 0.28. 6ರದು 0.19.

ದೋಣಿಗಳ ವಿದ್ಯುತ್ ಕೆಲಸಕ್ಕೆ ಹೆಚ್ಚು ಜನ ಅನುಸರಿಸುವ ಅಮೆರಿಕದ ಎಬಿವೈಸಿ ಮಾನದಂಡದಲ್ಲಿ ಸಂಚಾರ ದೀಪ, ಎಲೆಕ್ಟ್ರಾನಿಕ್ಸ್‌ನಂಥ ಮುಖ್ಯ ಸಾಧನಗಳಿಗೆ ಶೇ. 3ಕ್ಕಿಂತ ಹೆಚ್ಚು ವೋಲ್ಟೇಜ್ ಕುಸಿಯಬಾರದು ಎಂದಿದೆ. 12 ವೋಲ್ಟಿಗೆ ಅದು 0.36. 4 ಚದರ ಮಿಲಿಮೀಟರ್ ಸಾಕು ಎನ್ನಬಹುದು. ಆದರೆ ಜಾಯಿಂಟುಗಳ ಪಾಲನ್ನೂ ಅದರೊಳಗೇ ಕೂರಿಸಬೇಕು. ಅವು ಹೊಸತಾಗಿದ್ದಾಗ ಎಷ್ಟೇ ಚೆನ್ನಾಗಿದ್ದರೂ ಎರಡು ವರ್ಷದಲ್ಲಿ ಒಂದಿಷ್ಟು ಕೆಡುತ್ತವೆ. 6 ಹಾಕಿದೆ. ದಪ್ಪ ವೈರು ಬಗ್ಗಿಸುವುದು ಕಷ್ಟ ಎಂಬುದೊಂದೇ ತಕರಾರು.

ವೈರು ಪ್ರತಿ ಎಳೆಗೂ ತವರ ಲೇಪಿಸಿದ್ದು. ಲಗ್ಗುಗಳೂ ತವರ ಲೇಪಿತ ತಾಮ್ರದವು. ಸರಿಯಾದ ಅಳತೆಯ ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ, ಕೈಯಿಂದ ಬಲವಾಗಿ ಜಗ್ಗಿ ನೋಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ ಬಿಸಿ ಮಾಡಿದೆ. ಕೊಳವೆಯ ಎರಡೂ ಬಾಯಲ್ಲಿ ಅಂಟು ಸ್ವಲ್ಪ ಉಬ್ಬಿ ಹೊರಬಂದರೆ ನೀರು ಒಳಗೆ ಹೋಗದು ಎಂದರ್ಥ. ಬೆಸುಗೆ ಹಾಕಲಿಲ್ಲ. ಬೆಸುಗೆ ಎಳೆಗಳನ್ನೆಲ್ಲ ಒಂದು ಕಡ್ಡಿಯಂತೆ ಬಿರುಸು ಮಾಡುತ್ತದೆ, ಆ ಕಡ್ಡಿ ಮುಗಿಯುವ ಜಾಗದಲ್ಲಿ ಅಲೆಗಳ ಕುಲುಕಾಟಕ್ಕೆ ಎಳೆಗಳು ಮುರಿಯುತ್ತವೆ.

ಗಾಜಿನ ಫ್ಯೂಸಿನ ಬದಲು ರಬ್ಬರ್ ಮುಚ್ಚಳದ ಬ್ಲೇಡ್ ಫ್ಯೂಸ್ ಹೋಲ್ಡರ್ ಬಂತು. ಬ್ಯಾಟರಿ ಕಂಬದಿಂದ ಒಂದು ಗೇಣಿನೊಳಗೆ ಅದನ್ನು ಕೂರಿಸಿದೆ. ಎಬಿವೈಸಿ ಹೇಳುವುದು 7 ಅಂಗುಲ, ಅಂದರೆ 18 ಸೆಂಟಿಮೀಟರ್. ಈ ಫ್ಯೂಸ್ ಕಾಯುವುದು ವೈರನ್ನು. ರೇಡಿಯೋವನ್ನು ಕಾಯುವ 10 ಆಂಪಿಯರ್ ಫ್ಯೂಸ್ ಸೆಟ್ಟಿನ ಬಾಲದ ವೈರಿನಲ್ಲಿ ಬೇರೆಯೇ ಇದೆ, ತಯಾರಕರು ಕೊಟ್ಟದ್ದನ್ನು ಹಾಗೇ ಬಿಟ್ಟೆ. ಬಸ್‌ಬಾರ್ ಹೊಸದು, ಒಂದು ಸ್ಕ್ರೂಗೆ ಒಂದೇ ಲಗ್, ಜಾಗವೂ ಕನ್ಸೋಲಿನೊಳಗೆ ಒಣಗಿರುವ ಕಡೆ. ಪಂಪಿನ ನೆಗೆಟಿವ್ ಈಗ ನೇರ ಬ್ಯಾಟರಿಗೆ ಹೋಗುತ್ತದೆ.

ಮತ್ತೆ "ಒತ್ತು", "ಬಿಡು". ಬ್ಯಾಟರಿಯಲ್ಲಿ 12.41, ರೇಡಿಯೋದಲ್ಲಿ 12.14. ಒಟ್ಟು ಕುಸಿತ 0.27. ವ್ಯಾಟ್ ಮೀಟರಿನಲ್ಲಿ 21. ಎಂಜಿನ್ ಓಡಿಸಿ ನೋಡಿದಾಗ 24.

ಈ ವ್ಯಾಟ್‌ಗಳ ಬಗ್ಗೆ ಒಂದು ಮಾತು. 14 ಇದ್ದದ್ದು 21 ಆದರೆ ಡೆಸಿಬೆಲ್ ಲೆಕ್ಕದಲ್ಲಿ 2ಕ್ಕಿಂತ ಕಡಿಮೆ, ಕೇಳುವವರ ಕಿವಿಗೆ ಹೆಚ್ಚು ವ್ಯತ್ಯಾಸ ತಿಳಿಯದು. ವಿಎಚ್‌ಎಫ್ ಎಷ್ಟು ದೂರ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಹೆಚ್ಚಾಗಿ ಆಂಟೆನಾದ ಎತ್ತರ. ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತದ ಕಿಲೋಮೀಟರ್ ಸಿಗುತ್ತದೆ. ನೀರಿನಿಂದ ಎರಡೂವರೆ ಮೀಟರ್ ಎತ್ತರದ ನಮ್ಮ ಆಂಟೆನಾಗೆ ಸುಮಾರು 6.5. ದಡದ ಆಂಟೆನಾ 50 ಮೀಟರ್ ಎತ್ತರದಲ್ಲಿದ್ದರೆ ಅದರ ಪಾಲು 29. ಎರಡೂ ಕೂಡಿದರೆ 35 ಕಿಲೋಮೀಟರ್ ಆಸುಪಾಸು. ವ್ಯಾಟ್ ಏರಿಸಿ ಇದನ್ನು ಹೆಚ್ಚು ಹಿಗ್ಗಿಸಲು ಆಗದು. ಈ ರಿಪೇರಿಯ ನಿಜವಾದ ಫಲವೆಂದರೆ ಸೆಟ್ ಆರದೆ ನಿಲ್ಲುವುದು.

ವೈರು ಸರಿಯಾದರೂ ಸಾಲಲಿಲ್ಲ

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಬ್ಯಾಟರಿಯನ್ನು ಅರ್ಧ ಇಳಿಸಿ ನೋಡದೆ ಮನಸ್ಸು ಒಪ್ಪಲಿಲ್ಲ. ದೀಪ, ಪಂಪು ಹಚ್ಚಿಟ್ಟು ಇಳಿಸಿ, ಒಂದು ರಾತ್ರಿ ಬಿಟ್ಟು ನೋಡಿದೆ: 12.2. ಗುಂಡಿ ಒತ್ತಿದಾಗ ಬ್ಯಾಟರಿಯಲ್ಲಿ 11.95, ರೇಡಿಯೋದಲ್ಲಿ 11.68. ಕೈಪಿಡಿಯ ಕೆಳಮಿತಿಯನ್ನು ಆಗಲೇ ಒಂದು ಕೂದಲು ದಾಟಿತ್ತು. ಸೆಟ್ ಮಾತಾಡಿತು, ಸಂದೇಹವಿಲ್ಲ. ಆದರೆ ಹೊಚ್ಚಹೊಸ ದಪ್ಪ ವೈರಿನಲ್ಲೂ ಇಷ್ಟೇ ಸಿಗುವುದಾದರೆ, ಅರ್ಧ ಖಾಲಿ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಉಳಿತಾಯವೇ ಇಲ್ಲ ಎಂದಾಯಿತು.

ಇನ್ನೊಂದು ಅಳತೆ ಇನ್ನೂ ಕೆಟ್ಟದ್ದು. ಮೀಟರನ್ನು ಕನಿಷ್ಠ ಹಿಡಿಯುವ ಸ್ಥಿತಿಯಲ್ಲಿಟ್ಟು ಎಂಜಿನ್ ಸ್ಟಾರ್ಟ್ ಮಾಡಿದೆ. 9.6. ಸ್ಟಾರ್ಟರ್ ಮೋಟಾರ್ ತಿರುಗುವ ಆ ಒಂದೆರಡು ಸೆಕೆಂಡು ರೇಡಿಯೋ ಮತ್ತು ಜಿಪಿಎಸ್ ಎರಡೂ ಆರಿ ಹೊತ್ತುತ್ತಿದ್ದವು. ಡಿಎಸ್‌ಸಿ (ಆಪತ್ತಿನ ಕರೆಯನ್ನು ಡಿಜಿಟಲ್ ರೂಪದಲ್ಲಿ ತಾನೇ ಕಳಿಸುವ ಏರ್ಪಾಡು) ಇರುವ ಸೆಟ್ಟಿನ ಕೆಂಪು ಗುಂಡಿ ಒತ್ತಿದರೆ ಚಾನೆಲ್ 70ರಲ್ಲಿ ನಮ್ಮ ಒಂಬತ್ತು ಅಂಕಿಯ ಎಂಎಂಎಸ್‌ಐ ಎಂಬ ಗುರುತಿನ ಸಂಖ್ಯೆಯ ಜತೆ ದೋಣಿ ಇರುವ ಜಾಗವೂ ಹೋಗಬೇಕು. ಜಿಪಿಎಸ್ ಇನ್ನೂ ಉಪಗ್ರಹ ಹುಡುಕುತ್ತಿದ್ದರೆ ಜಾಗದ ಅಂಕಿ ಇಲ್ಲದೆಯೇ ಕರೆ ಹೋಗಬಹುದು. ಎಂಜಿನ್ ಹತ್ತದೆ ಪದೇ ಪದೇ ಸ್ಟಾರ್ಟರ್ ಒತ್ತುವವರು ಕೆಂಪು ಗುಂಡಿ ಒತ್ತುವುದೂ ಆ ಹೊತ್ತಿನಲ್ಲೇ.

ಅದಕ್ಕೆ ರೇಡಿಯೋ ಮತ್ತು ಜಿಪಿಎಸ್‌ಗೆ ಮಾತ್ರ ಬೇರೆ ಬ್ಯಾಟರಿ ಇಟ್ಟೆ. 35 ಆಂಪಿಯರ್-ಅವರ್‌ನ ಸೀಲ್ ಮಾಡಿದ ಎಜಿಎಂ, ಅದೂ ಲೆಡ್-ಆಸಿಡ್ ಜಾತಿಯದೇ. ದಿನದ ಲೆಕ್ಕ ಹೀಗೆ: ರೇಡಿಯೋ ಎಂಟು ಗಂಟೆ ಕೇಳುವುದಕ್ಕೆ 2.8, ಜಿಪಿಎಸ್‌ಗೆ ಐದು, ಎಲ್ಲ ಸೇರಿ ಇಪ್ಪತ್ತು ನಿಮಿಷ ಮಾತಾಡಿದರೆ ಎರಡಕ್ಕಿಂತ ಕಡಿಮೆ. ಹತ್ತು ಆಂಪಿಯರ್-ಅವರ್ ಮುಟ್ಟುವುದಿಲ್ಲ. 35 ಯಾಕೆ ಎಂದರೆ ಶಕ್ತಿ ಸಾಲದೆಂದಲ್ಲ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯದಿದ್ದರೆ ವೋಲ್ಟೇಜ್ 12.4ರ ಮೇಲೆ ನಿಲ್ಲುತ್ತದೆಂದು. ರೇಡಿಯೋಗೆ ಬ್ಯಾಟರಿ ಆರಿಸುವಾಗ ಎಷ್ಟು ಗಂಟೆ ಬಾಳುತ್ತದೆ ಎಂಬುದಕ್ಕಿಂತ ದಿನದ ಕೊನೆಗೆ ವೋಲ್ಟೇಜ್ ಎಲ್ಲಿರುತ್ತದೆ ಎಂದು ನೋಡುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ.

ಲಿಥಿಯಂ ಐರನ್ ಫಾಸ್ಫೇಟ್ ಯಾಕಲ್ಲ ಎಂದು ಕೇಳುವವರಿದ್ದಾರೆ. ವೋಲ್ಟೇಜ್ ಒಂದನ್ನೇ ನೋಡಿದರೆ ಅದೇ ಉತ್ತಮ. ನಾಲ್ಕು ಸೆಲ್, ತಲಾ 3.2, ಅರ್ಧ ಖಾಲಿಯಾದರೂ 13ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನನ್ನನ್ನು ತಡೆದದ್ದು ಅದು ಮುಗಿಯುವ ರೀತಿ. ಲೆಡ್-ಆಸಿಡ್ ನಿಧಾನಕ್ಕೆ ಇಳಿಯುತ್ತಾ ಎಚ್ಚರಿಸುತ್ತದೆ. ಲಿಥಿಯಂ ಕೊನೆಯವರೆಗೂ ಏನೂ ತೋರಿಸದೆ, ಒಳಗಿನ ರಕ್ಷಣಾ ಸರ್ಕ್ಯೂಟ್ ಒಂದು ಕ್ಷಣದಲ್ಲಿ ಪೂರ್ತಿ ಕತ್ತರಿಸಿಬಿಡುತ್ತದೆ. ಸಣ್ಣ ಔಟ್‌ಬೋರ್ಡಿನಿಂದ ಅದನ್ನು ಚಾರ್ಜ್ ಮಾಡಲು ಬೇರೆ ಡಿಸಿ-ಡಿಸಿ ಚಾರ್ಜರೂ ಬೇಕು. ಉಳಿದ ಚಾರ್ಜ್ ತೋರಿಸುವ ಮೀಟರ್ ಜತೆ ಇಟ್ಟುಕೊಳ್ಳುವವರಿಗೆ ಅದು ಒಳ್ಳೆಯ ಆಯ್ಕೆಯೇ.

ಎಜಿಎಂ ಕೂರಿಸಿದ್ದು ಕನ್ಸೋಲಿನ ಒಳಗೆ, ನೆಲದಿಂದ ಮೇಲೆ ಹಲಗೆ ಹಾಕಿ, ಪಟ್ಟಿ ಬಿಗಿದು. ಎರಡು ಲಾಭ. ಒಂದು, ರೇಡಿಯೋಗೆ ದೂರ ಆರು ಮೀಟರಿನಿಂದ ಒಂದು ಮೀಟರಿಗೆ ಇಳಿಯಿತು. ಎರಡು, ನೀರು ನುಗ್ಗಿದರೆ ಮೊದಲು ಮುಳುಗುವುದು ಹಿಂಬದಿಯ ಬ್ಯಾಟರಿ, ಇದಲ್ಲ. ಹಿಂದಿನಿಂದ ಬಂದ 6 ಚದರ ಮಿಲಿಮೀಟರ್ ವೈರು ಈಗ ಎರಡು ಬ್ಯಾಟರಿಗಳ ನಡುವಿನ ಚಾರ್ಜಿಂಗ್ ದಾರಿ. ಮಧ್ಯದಲ್ಲಿ ವೋಲ್ಟೇಜ್ ನೋಡಿ ಕೂಡಿಸುವ ರಿಲೇ ಇದೆ. ಎಂಜಿನ್ ಓಡಿ 13.3 ದಾಟಿದರೆ ಎರಡನ್ನೂ ಕೂಡಿಸುತ್ತದೆ, 12.8ಕ್ಕೆ ಇಳಿದರೆ ಬೇರೆ ಮಾಡುತ್ತದೆ. ವೈರಿನ ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ ಎರಡೂ ತುದಿಗೆ ಫ್ಯೂಸ್ ಹಾಕಿದೆ. ಒಂದೇ ಕಡೆ ಹಾಕಿ ಬಿಟ್ಟರೆ, ನಡುವೆ ಎಲ್ಲಾದರೂ ವೈರು ಸವೆದು ಶಾರ್ಟ್ ಆದಾಗ ಇನ್ನೊಂದು ಬ್ಯಾಟರಿ ಅದನ್ನು ಸುಡುತ್ತದೆ.

ಮೇಲಿನ ಮಿತಿಯನ್ನೂ ನೋಡಬೇಕು

ಈ ಕೆಲಸದ ನಡುವೆ ಸಿಕ್ಕ ಇನ್ನೊಂದು ತಪ್ಪು: ಪುಟ್ಟ ಸೋಲಾರ್ ಪ್ಯಾನೆಲ್ ನೇರವಾಗಿ ಬ್ಯಾಟರಿಗೆ, ಕಂಟ್ರೋಲರ್ ಇಲ್ಲದೆ. 12 ವೋಲ್ಟಿನ ಪ್ಯಾನೆಲ್ ಎಂದು ಕರೆದರೂ ಭಾರವಿಲ್ಲದಾಗ ಅದು 21, 22 ವೋಲ್ಟ್ ಕೊಡುತ್ತದೆ. ಬ್ಯಾಟರಿ ಗಟ್ಟಿಯಾಗಿ ಕೂತಿರುವವರೆಗೆ ಅದನ್ನು ಹಿಡಿದಿಡುತ್ತದೆ. ಆ 0.12 ವೋಲ್ಟ್ ನುಂಗುತ್ತಿದ್ದ ಕ್ಲ್ಯಾಂಪ್ ಒಂದು ಅಲೆಗೆ ಸಡಿಲವಾಗಿದ್ದರೆ, ಬಿಸಿಲಿನಲ್ಲಿ ಆ 21 ವೋಲ್ಟ್ ನೇರ ರೇಡಿಯೋಗೆ. ಮಿತಿ 15.9. ಕಂಟ್ರೋಲರ್ ಹಾಕಿದೆ. ಎಂಜಿನ್ ಓಡುವಾಗ ಬ್ಯಾಟರಿ ಸ್ವಿಚ್ ಆಫ್ ಮಾಡಬಾರದು ಎನ್ನುವುದೂ ಇದೇ ಕಾರಣಕ್ಕೆ. ಚಾರ್ಜಿಂಗ್ ಕಾಯಿಲ್‌ನ ಏರಿಳಿತವನ್ನು ಹೀರಿಕೊಳ್ಳಲು ಬ್ಯಾಟರಿ ಅಲ್ಲಿರಲೇಬೇಕು.

24 ವೋಲ್ಟಿನ ದೋಣಿ ಇರುವವರು ಎರಡು ಬ್ಯಾಟರಿಗಳ ನಡುವಿನಿಂದ 12 ವೋಲ್ಟ್ ಎಳೆಯುವುದನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಒಂದು ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದು ಅತಿ ಚಾರ್ಜಾಗಿ ಕುದಿಯುತ್ತದೆ. 24ರಿಂದ 13.8ಕ್ಕೆ ಇಳಿಸುವ ಕನ್ವರ್ಟರ್ ಹಾಕುವುದೇ ಸರಿ. ರೇಡಿಯೋಗೆ ಗೊರಗೊರ ಸದ್ದು ತುಂಬದಂಥ ಕನ್ವರ್ಟರ್ ಆರಿಸಿ, ಸ್ಕ್ವೆಲ್ಚ್ (ಹಿನ್ನೆಲೆಯ ಗೊರಗೊರ ತಡೆಯುವ ನಾಬ್) ಪೂರ್ತಿ ತೆರೆದು, ಕನ್ವರ್ಟರ್ ಆನ್-ಆಫ್ ಮಾಡಿ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಕೊನೆಯ ಅಳತೆ

ನೀರಿನ ಮೇಲೆಯೇ ಮಾಡಿದೆವು. ಅರ್ಧ ದಿನ ಲಂಗರು ಹಾಕಿ, ರೇಡಿಯೋ, ಜಿಪಿಎಸ್ ಆನ್ ಇಟ್ಟು, ಎಂಜಿನ್ ಆಫ್. ಎಜಿಎಂ 12.56ಕ್ಕೆ ಇಳಿದಿತ್ತು. ಪಂಪು ಓಡಿಸಿ, ಡಮ್ಮಿ ಲೋಡ್ ಹಾಕಿ, 25 ವ್ಯಾಟ್‌ನಲ್ಲಿ ಒತ್ತಿದಾಗ ಬ್ಯಾಟರಿಯಲ್ಲಿ 12.35, ರೇಡಿಯೋದಲ್ಲಿ 12.23. ತಮ್ಮ ಗುಂಡಿ ಹಿಡಿದಿರುವಾಗಲೇ ನಾನು ಎಂಜಿನ್ ಸ್ಟಾರ್ಟ್ ಮಾಡಿದೆ. ಪರದೆ ಮಿಟುಕಲಿಲ್ಲ, ಜಿಪಿಎಸ್ ಜಾಗದ ಅಂಕಿ ಹಾಗೇ ಇತ್ತು. ಆಮೇಲೆ ಆಂಟೆನಾ ವಾಪಸು ಹಾಕಿ, ಕೆಲಸದ ಚಾನೆಲ್ ಒಂದರಲ್ಲಿ ಕರೆದು ಕೇಳಿದೆವು. ಸ್ಪಷ್ಟವಾಗಿದೆ ಎಂದರು.

ಕನ್ಸೋಲಿನ ಮುಚ್ಚಳದ ಒಳಬದಿಗೆ ಅಳಿಸದ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ: ಬ್ಯಾಟರಿಯಿಂದ ರೇಡಿಯೋಗೆ ಕುಸಿತ 0.12. ತಿಂಗಳಿಗೊಮ್ಮೆ ಅಳೆದು ಅದರ ಕೆಳಗೆ ದಿನಾಂಕ ಹಾಕಿ ಬರೆಯುತ್ತೇವೆ. ನಾಲ್ಕನೇ ತಿಂಗಳು 0.19 ಬಂತು. ತುಂಡು ತುಂಡಾಗಿ ಹುಡುಕಿದಾಗ ಸಿಕ್ಕಿದ್ದು ಫ್ಯೂಸ್ ಹೋಲ್ಡರಿನ ಮುಚ್ಚಳ. ಸರಿಯಾಗಿ ಕೂರದೆ ಬಾಯಿ ತೆರೆದುಕೊಂಡಿತ್ತು, ಬ್ಲೇಡಿನ ಒಂದು ಕಾಲಿನ ಮೇಲೆ ಉಪ್ಪಿನ ಬಿಳಿ ಗೆರೆ. ಒರೆಸಿ, ಹೊಸ ಫ್ಯೂಸ್ ಹಾಕಿ, ಮುಚ್ಚಳ ಒತ್ತಿ ಕೂರಿಸಿದ ಮೇಲೆ ಮತ್ತೆ 0.12.